ಮಾತ್ರೆಯ ಕ್ಯಾರೋಟಿನ್, ಸೊಪ್ಪಿನ ಕ್ಯಾರೋಟಿನ್

ಫಿನ್ಲೆಂಡ್ ದೇಶದ ನೈರುತ್ಯ ಭಾಗದಲ್ಲಿ 1985ರಲ್ಲಿ ಒಂದು ದೊಡ್ಡ ಪರೀಕ್ಷೆ ಶುರುವಾಯಿತು. ಸೇರಿಕೊಂಡವರು 29,133 ಗಂಡಸರು. ಎಲ್ಲರೂ 50ರಿಂದ 69 ವರ್ಷದವರು, ಎಲ್ಲರೂ ಸಿಗರೇಟು ಸೇದುವವರು. ಒಂದು ಗುಂಪಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ (ಕ್ಯಾರೆಟ್, ಸೊಪ್ಪುಗಳಲ್ಲಿರುವ ಪದಾರ್ಥ), ಇನ್ನೊಂದಕ್ಕೆ 50 ಮಿಲಿಗ್ರಾಂ ವಿಟಮಿನ್ ಇ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಔಷಧವೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಹೋಗುತ್ತಿದೆಯೆಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಐದರಿಂದ ಎಂಟು ವರ್ಷ ಹೀಗೆ ನಡೆಯಿತು. ಶ್ವಾಸಕೋಶದ ಕ್ಯಾನ್ಸರ್ ಇಳಿಯುತ್ತದೆ ಎಂಬ ಭರವಸೆಯಲ್ಲೇ ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕಿದ್ದರು. 1994ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಬೀಟಾ ಕ್ಯಾರೋಟಿನ್ ನುಂಗಿದ ಅರ್ಧ ಜನರಲ್ಲಿ 474 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ನುಂಗದ ಅರ್ಧದಲ್ಲಿ 402 ಮಂದಿಗೆ. ಅಂದರೆ ಶೇ. 18ರಷ್ಟು ಹೆಚ್ಚು. ಎಲ್ಲ ಕಾರಣಗಳ ಸಾವನ್ನೂ ಸೇರಿಸಿ ನೋಡಿದರೆ, ನುಂಗಿದವರಲ್ಲಿ ಸಾವು ಶೇ. 8ರಷ್ಟು ಜಾಸ್ತಿ.

ತುಮಕೂರಿನಲ್ಲಿ ಮೆಡಿಕಲ್ ಶಾಪ್ ನಡೆಸುವ ನನಗೆ ಈ ಅಂಕಿಗಳು ಬಾಯಿಪಾಠ. ಕಾರಣ, "ಅಕ್ಕಾ, ಕ್ಯಾನ್ಸರ್ ಬರ್ದಂಗೆ ಒಂದು ವಿಟಮಿನ್ ಮಾತ್ರೆ ಐತಂತಲ್ಲ, ಕೊಡಿ" ಎಂದು ಕೇಳಿಕೊಂಡು ಬರುವವರ ಶರ್ಟಿನ ಜೇಬಿನಲ್ಲಿ ಎಷ್ಟೋ ಸಲ ಬೀಡಿ ಕಟ್ಟು ಕಾಣಿಸುತ್ತದೆ. ಕೌಂಟರಿನ ಹಿಂದಿನ ಕಪಾಟಿನಲ್ಲಿ ಆ್ಯಂಟಿಆಕ್ಸಿಡೆಂಟ್ ಎಂದು ಬರೆದ ಡಬ್ಬಿಗಳು ಸಾಲಾಗಿವೆ. ಸ್ಟ್ರಿಪ್ ತಿರುಗಿಸಿದರೆ ಹಿಂಬದಿಯಲ್ಲಿ ಸಣ್ಣ ಅಕ್ಷರ: ಸತು, ಸೆಲೆನಿಯಂ, ತಾಮ್ರ. ಕೆಲವದರಲ್ಲಿ ಬೀಟಾ ಕ್ಯಾರೋಟಿನ್ 10 ಮಿಲಿಗ್ರಾಂ. ಆ ಸಾಲನ್ನು ಬೆರಳಿಟ್ಟು ತೋರಿಸದೆ ಬೀಡಿ ಸೇದುವವರಿಗೆ ನಾನು ಆ ಮಾತ್ರೆ ಕೊಡುವುದಿಲ್ಲ.

ಇಂಥ ಮಾತ್ರೆಯಿಂದ ಕ್ಯಾನ್ಸರ್ ಇಳಿಯುತ್ತದೆ ಎಂಬ ಭರವಸೆ ಹುಟ್ಟಿದ್ದಕ್ಕೆ ಕಾರಣವಿತ್ತು. ನಮ್ಮ ದೇಹದಲ್ಲಿ ಆಮ್ಲಜನಕ ಬಳಕೆಯಾಗುವಾಗ ಫ್ರೀ ರ‍್ಯಾಡಿಕಲ್ ಎಂಬ ಚಂಚಲ ಕಣಗಳು ಹುಟ್ಟುತ್ತವೆ. ಹೊಗೆಯಲ್ಲಂತೂ ಅವು ಧಾರಾಳ. ಜೀವಕೋಶದ ಡಿಎನ್‌ಎಗೆ ಅವು ಪೆಟ್ಟು ಕೊಡುತ್ತವೆ. ವಿಟಮಿನ್ ಸಿ, ವಿಟಮಿನ್ ಇ, ಕ್ಯಾರೋಟಿನ್‌ಗಳು ಅವನ್ನು ತಣ್ಣಗಾಗಿಸುತ್ತವೆ; ಆ್ಯಂಟಿಆಕ್ಸಿಡೆಂಟ್ ಎನ್ನುವುದು ಇಂಥವನ್ನೇ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1970ರ ದಶಕದ ಆರಂಭದಲ್ಲಿ ಸುಮಾರು 3,000 ಗಂಡಸರ ರಕ್ತ ಪರೀಕ್ಷಿಸಿ, ಹನ್ನೆರಡು ವರ್ಷದ ನಂತರ ಯಾರು ಯಾವುದರಿಂದ ತೀರಿಕೊಂಡರು ಎಂದು ನೋಡಿದರು. ರಕ್ತದಲ್ಲಿ ಕ್ಯಾರೋಟಿನ್ ಕಡಿಮೆ ಇದ್ದವರಲ್ಲಿ ಕ್ಯಾನ್ಸರ್‌ನಿಂದ ಸತ್ತವರು ಹೆಚ್ಚು. ರಿಚರ್ಡ್ ಪೀಟೊ, ರಿಚರ್ಡ್ ಡಾಲ್ ಮತ್ತು ಸಂಗಡಿಗರು 1981ರಲ್ಲೇ 'ನೇಚರ್' ಪತ್ರಿಕೆಯಲ್ಲಿ, ಆಹಾರದ ಬೀಟಾ ಕ್ಯಾರೋಟಿನ್ ಕ್ಯಾನ್ಸರನ್ನು ನಿಜವಾಗಿ ತಗ್ಗಿಸಬಲ್ಲದೇ ಎಂಬ ಪ್ರಶ್ನೆ ಎತ್ತಿದ್ದರು. ಅವರು ಕೇಳಿದ್ದು ಪ್ರಶ್ನೆ. ಮಾರುಕಟ್ಟೆ ಅದನ್ನೇ ಉತ್ತರ ಮಾಡಿಕೊಂಡಿತು.

ಫಿನ್ಲೆಂಡಿನ ವರದಿಯಲ್ಲೇ ಇರುವ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಪರೀಕ್ಷೆ ಶುರುವಾಗುವ ಮೊದಲೇ ಎಲ್ಲರ ಊಟದ ವಿವರ ಬರೆದುಕೊಂಡಿದ್ದರು, ರಕ್ತವನ್ನೂ ತೆಗೆದಿಟ್ಟಿದ್ದರು. ಔಷಧವಿಲ್ಲದ ಮಾತ್ರೆ ನುಂಗಿದವರ ಪೈಕಿ, ಊಟದಿಂದಲೇ ಹೆಚ್ಚು ಬೀಟಾ ಕ್ಯಾರೋಟಿನ್ ಪಡೆಯುತ್ತಿದ್ದವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೇ ಬಂದಿತ್ತು. ಅದೇ ಊರುಗಳು, ಅದೇ ವಯಸ್ಸು, ಅದೇ ಸಿಗರೇಟು. ತಟ್ಟೆಯಿಂದ ಬಂದ ಕ್ಯಾರೋಟಿನ್ ಇದ್ದಲ್ಲಿ ಅಪಾಯ ಕಡಿಮೆ, ಮಾತ್ರೆಯಿಂದ ಬಂದದ್ದಕ್ಕೆ ಅಪಾಯ ಹೆಚ್ಚು. ಕ್ಯಾರೆಟ್, ಸೊಪ್ಪು ತಿನ್ನುವವರ ದೇಹಕ್ಕೆ ನೂರಾರು ಪದಾರ್ಥಗಳು ಒಟ್ಟಿಗೆ ಹೋಗುತ್ತವೆ, ನಾರು ಹೋಗುತ್ತದೆ, ಅಂಥವರ ಜೀವನಕ್ರಮವೂ ಬೇರೆ ಇರಬಹುದು. ಅಂಥವರ ರಕ್ತದಲ್ಲಿ ಕಂಡ ಕ್ಯಾರೋಟಿನ್ ಒಳ್ಳೆಯ ಊಟದ ಗುರುತಾಗಿತ್ತು. ಗುರುತನ್ನೇ ಕ್ಯಾಪ್ಸೂಲಿನಲ್ಲಿ ತುಂಬಿ ಕೊಟ್ಟರೆ ಊಟ ಕೊಟ್ಟಂತಾಗಲಿಲ್ಲ. ಪ್ರಮಾಣವೂ ಬೇರೆ. ಮಾತ್ರೆ ನುಂಗಿದವರ ರಕ್ತದಲ್ಲಿ ಬೀಟಾ ಕ್ಯಾರೋಟಿನ್ ಮೊದಲಿಗಿಂತ ಹತ್ತು ಪಟ್ಟಿಗೂ ಮೀರಿ ಏರಿತ್ತು. ಯಾವ ಅಡುಗೆಮನೆಯೂ ಅಷ್ಟು ಏರಿಸುವುದಿಲ್ಲ.

ಫಿನ್ಲೆಂಡಿನದು ಆಕಸ್ಮಿಕವೇನೋ ಎಂದು ಅನುಮಾನಿಸಿದವರಿಗೆ ಅಮೆರಿಕದಿಂದ ಉತ್ತರ ಬಂತು. ಸಿಗರೇಟು ಸೇದುವವರು, ಬಿಟ್ಟವರು, ಕಲ್ನಾರಿನ ಕೆಲಸ ಮಾಡಿದವರು ಸೇರಿ 18,314 ಜನರ ಮೇಲೆ ನಡೆಯುತ್ತಿದ್ದ ಪರೀಕ್ಷೆಯನ್ನು 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಬೀಟಾ ಕ್ಯಾರೋಟಿನ್ ಮತ್ತು ವಿಟಮಿನ್ ಎ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28, ಒಟ್ಟು ಸಾವು ಶೇ. 17 ಹೆಚ್ಚಾಗಿತ್ತು. ಅಲ್ಲಿನ 22,071 ವೈದ್ಯರು ಸುಮಾರು ಹನ್ನೆರಡು ವರ್ಷ ಭಾಗವಹಿಸಿದ ಮತ್ತೊಂದು ಅಧ್ಯಯನದಲ್ಲಿ ಬೀಟಾ ಕ್ಯಾರೋಟಿನ್‌ನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅವರಲ್ಲಿ ಸೇದುವವರು ಕಡಿಮೆ ಇದ್ದರು.

ಚೀನಾದ ಲಿನ್‌ಶಿಯಾನ್‌ನ ಕಥೆ ಬೇರೆ. ಅನ್ನನಾಳ ಮತ್ತು ಜಠರದ ಕ್ಯಾನ್ಸರ್ ವಿಪರೀತವಾಗಿದ್ದ, ಹಣ್ಣು ತರಕಾರಿ ಸರಿಯಾಗಿ ಸಿಗದ ಬಡ ಸೀಮೆ ಅದು. 1986ರಿಂದ 1991ರವರೆಗೆ ಬೀಟಾ ಕ್ಯಾರೋಟಿನ್, ವಿಟಮಿನ್ ಇ, ಸೆಲೆನಿಯಂ ಮೂರನ್ನೂ ಒಟ್ಟಿಗೆ ಕೊಟ್ಟವರಲ್ಲಿ ಕ್ಯಾನ್ಸರ್ ಸಾವು ಶೇ. 13ರಷ್ಟು ತಗ್ಗಿತು. ಕೊರತೆ ಇದ್ದವರಿಗೆ ಕೊರತೆ ತುಂಬಿದ್ದು ಕೈಹಿಡಿಯಿತು. ಹೊಟ್ಟೆ ತುಂಬ ಉಣ್ಣುವ ಊರಿನ ಅಂಗಡಿಯಲ್ಲಿ ಇದನ್ನು ತೋರಿಸಿ ಮಾತ್ರೆ ಮಾರುವುದು ಸರಿಯಲ್ಲ.

ಸೇದುವವರಿಗೇ ಯಾಕೆ ಕೇಡಾಯಿತು? ಹೊಗೆ ತುಂಬಿದ ಶ್ವಾಸಕೋಶದಲ್ಲಿ ಅತಿಯಾದ ಕ್ಯಾರೋಟಿನ್ ಒಡೆದು, ತಾನೇ ಹಾನಿ ಮಾಡುವ ತುಣುಕುಗಳಾಗುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಸಿಕ್ಕ ಒಂದು ವಿವರಣೆ. ಸ್ವೀಡನ್ನಿನ ವಿಜ್ಞಾನಿಗಳು 2014ರಲ್ಲಿ ಇನ್ನೊಂದು ಮುಖ ತೋರಿಸಿದರು. ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಲಿಗಳಿಗೆ ಆ್ಯಂಟಿಆಕ್ಸಿಡೆಂಟ್ ಕೊಟ್ಟರೆ ಗೆಡ್ಡೆ ಬೇಗ ಬೆಳೆಯಿತು. ಫ್ರೀ ರ‍್ಯಾಡಿಕಲ್‌ಗಳಿಂದ ಪೆಟ್ಟು ತಿನ್ನುವುದು ಕ್ಯಾನ್ಸರ್ ಕೋಶಕ್ಕೂ ತಪ್ಪಿದ್ದಲ್ಲ. ನಾವು ಕೊಡುವ ರಕ್ಷಣೆ ಅದಕ್ಕೂ ಸಿಗುತ್ತದೆ. ಆದ್ದರಿಂದ ಕೀಮೋ ನಡೆಯುತ್ತಿರುವವರ ಮನೆಯವರು "ಅಮ್ಮನಿಗೆ ಶಕ್ತಿ ಬರೋ ಮಾತ್ರೆ" ಕೇಳಿದಾಗ, ಕ್ಯಾನ್ಸರ್ ವೈದ್ಯರನ್ನು ಕೇಳದೆ ಏನೂ ಕೊಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಅಮೆರಿಕದ ರೋಗತಡೆ ತಜ್ಞರ ಸಮಿತಿ 2022ರಲ್ಲಿ, ಕ್ಯಾನ್ಸರ್ ಅಥವಾ ಹೃದ್ರೋಗ ತಡೆಯಲೆಂದು ಬೀಟಾ ಕ್ಯಾರೋಟಿನ್ ಆಗಲಿ ವಿಟಮಿನ್ ಇ ಆಗಲಿ ನುಂಗಬಾರದು ಎಂದೇ ಸಲಹೆ ಕೊಟ್ಟಿದೆ.

ಹಾಗಾದರೆ ಏನು ತಿನ್ನಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಸಂತೆಯಲ್ಲೇ ಇದೆ. ದಂಟು, ಹರಿವೆ, ನುಗ್ಗೆಸೊಪ್ಪು, ಮೆಂತ್ಯೆ, ಸಿಹಿಗುಂಬಳ, ಸೀಬೆಹಣ್ಣು, ನೆಲ್ಲಿಕಾಯಿ. ನಮ್ಮ ಕಡೆಯ ಮಸ್ಸೊಪ್ಪು ಇದಕ್ಕೆ ಹೇಳಿ ಮಾಡಿಸಿದ ಅಡುಗೆ. ಸೊಪ್ಪು ಬೇಳೆ ಬೇಯಿಸಿ ಕಡೆಗೋಲಿನಲ್ಲಿ ಮಸೆದಾಗ ಎಲೆಯ ಕೋಶ ಒಡೆದು ಕ್ಯಾರೋಟಿನ್ ಬಿಟ್ಟುಕೊಳ್ಳುತ್ತದೆ. ಅದು ಕರಗುವುದು ಎಣ್ಣೆಯಲ್ಲಿ, ಒಗ್ಗರಣೆ ಬಿದ್ದರೆ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ವಿಟಮಿನ್ ಸಿ ಬೆಂಕಿಗೆ ತಾಳುವುದಿಲ್ಲ, ಅದಕ್ಕೆ ಹಸಿ ಸೀಬೆಹಣ್ಣೇ ಸರಿ. ಇದರಿಂದ ಕ್ಯಾನ್ಸರ್ ಬರುವುದೇ ಇಲ್ಲ ಎಂದು ನಾನು ಹೇಳಲಾರೆ.

ಬೀಡಿ ಸೇದುವವರಿಗೆ ಮಾತ್ರ ಸೊಪ್ಪಿನ ಮಾತು ಎರಡನೆಯದು. ಸೇದುವುದನ್ನು ಬಿಟ್ಟು ಹತ್ತು ವರ್ಷವಾದರೆ, ಸೇದುತ್ತಲೇ ಇರುವವರಿಗೆ ಹೋಲಿಸಿದಾಗ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಯಾವ ವಿಟಮಿನ್ನೂ ಇದರ ಹತ್ತಿರಕ್ಕೆ ಬಂದಿಲ್ಲ. ತಂಬಾಕು ಬಿಡಲು ನೆರವಾಗುವ ಸರ್ಕಾರಿ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರನ್ನು ಚೀಟಿಯಲ್ಲಿ ಬರೆದು, ವಿಟಮಿನ್ ಕೇಳಲು ಬಂದವರ ಕೈಗೆ ಕೊಡುತ್ತೇನೆ.