ರೈಲುದಾರಿಯ ಮಗ್ಗುಲಲ್ಲಿ ಉಳಿದ ಪರಿಮಳ

ಆರ್ಕಿಡ್ ಎಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಮಲೆನಾಡಿನ ಮರದ ಕೊಂಬೆಯಿಂದ ಜೋಲುವ ಸೀತಾಳೆದಂಡೆ. ಮಳೆ, ನೆರಳು, ಪಾಚಿ ಹಿಡಿದ ತೊಗಟೆ ಇಲ್ಲದೆ ಆ ಕುಲ ಬಾಳಲಾರದೆಂಬುದು ಹಲವರ ಎಣಿಕೆ. ಆದರೆ ಮರವೇ ಇಲ್ಲದ ಬಟ್ಟಬಯಲಿನ ಮಣ್ಣಿನಲ್ಲಿ ಅರಳುವ ಆರ್ಕಿಡ್‌ಗಳೂ ಉಂಟು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಪಶ್ಚಿಮಕ್ಕೆ ಹರಡಿರುವ ಕರಿಶಿಲೆಯ ಹುಲ್ಲುಗಾವಲಿನ 'ಸನ್‌ಷೈನ್ ಡೈಯೂರಿಸ್' ಅಂಥದೊಂದು.

1989ರಲ್ಲಿ ಇದನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿದ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಡೈಯೂರಿಸ್ ಫ್ರಾಗ್ರಂಟಿಸಿಮ. ಮೊದಲ ಮಾತಿಗೆ 'ಎರಡು ಬಾಲ', ಎರಡನೆಯದಕ್ಕೆ 'ಪರಮ ಪರಿಮಳ' ಎಂದರ್ಥ. ರೂಢಿಯ ಹೆಸರಿನ ಕಥೆ ಇನ್ನೂ ಸ್ವಾರಸ್ಯವಾದುದು. 'ಸನ್‌ಷೈನ್' ಎಂಬುದು ಮೊದಲಿಗೆ ಎಚ್. ವಿ. ಮೆಕೇ ತಯಾರಿಸುತ್ತಿದ್ದ ಕೊಯ್ಲಿನ ಯಂತ್ರದ ಹೆಸರು. ಆತನ ಕಾರ್ಖಾನೆ ಬ್ರೇಬ್ರೂಕ್ ಜಂಕ್ಷನ್ನಿಗೆ ಬಂದು ನೆಲೆಸಿದ ಮೇಲೆ, 1907ರಲ್ಲಿ, ಯಂತ್ರದ ಹೆಸರೇ ಊರಿಗೂ ಅಂಟಿತು. ಊರಿನ ಹೆಸರು ಹೂವಿಗೆ ಬಂದಿತು. ಹೂವಿನ ನೆಲವೆಲ್ಲ ಊರಿನ ಪಾಲಾಯಿತು! ಒಂದು ಕಾಲಕ್ಕೆ ಹಿಮ ಸುರಿದಂತೆ ಆ ಬಯಲೆಲ್ಲ ಬೆಳ್ಳಗಾಗುತ್ತಿತ್ತೆಂದು ಹೇಳುವರು.

ಉಳಿದುದು ಎಲ್ಲಿ? ರೈಲುದಾರಿಯ ಅಂಚಿನಲ್ಲಿ. ಬೇಲಿಯಿದ್ದುದರಿಂದ ಅಲ್ಲಿಗೆ ನೇಗಿಲೂ ಕುರಿಮಂದೆಯೂ ಬರಲಿಲ್ಲ. ಉಗಿಬಂಡಿಯ ಕಿಡಿಯಿಂದ ಬೆಂಕಿ ಹರಡೀತೆಂದು ರೈಲ್ವೆಯವರು ಹುಲ್ಲನ್ನು ಮೊದಲೇ ಸುಡುತ್ತಿದ್ದುದೂ ಹೂವಿಗೆ ಉಪಕಾರವೇ ಆಯಿತು. ಅಲ್ಲಿಯ ಕಾಂಗರೂ ಹುಲ್ಲು ಭಾರತದಲ್ಲೂ ಬೆಳೆಯುವ ಜಾತಿಯೇ; ಸುಡದೆ, ಕೊಯ್ಯದೆ ಬಿಟ್ಟರೆ ದಟ್ಟವಾಗಿ ಹೆಣೆದುಕೊಂಡು ಸಣ್ಣ ಗಿಡಗಳ ಉಸಿರು ಕಟ್ಟಿಸುತ್ತದೆ. ಇಷ್ಟಾದರೂ ಕೊನೆಗೆ ಸಹಜವಾಗಿ ಉಳಿದುದು ಒಂದೇ ಒಂದು ನೆಲೆ.

ಬೀಜ ಬಿತ್ತಿ ಬೆಳೆಸಬಾರದೇ ಎಂದು ಯಾರಾದರೂ ಕೇಳಿಯಾರು. ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಬುತ್ತಿಯನ್ನು ತಾಯಿ ಅದಕ್ಕೆ ಕಟ್ಟಿಕೊಟ್ಟಿರುವುದಿಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮ ಶಿಲೀಂಧ್ರವೊಂದು ಒಳಹೊಕ್ಕು ಉಣಿಸಿದರಷ್ಟೇ ಅದು ಮೊಳೆಯುವುದು. ಆದುದರಿಂದ ಸಂಶೋಧಕರು ಬೀಜವನ್ನೂ ಶಿಲೀಂಧ್ರವನ್ನೂ ಪ್ರಯೋಗಾಲಯದಲ್ಲಿ ಕೂಡಿಸಿ ಸಸಿ ಮಾಡಿ, ಈ ಶತಮಾನದ ಮೊದಲ ದಶಕದಲ್ಲಿ ಮತ್ತೆ ಬಯಲಿಗೆ ಒಯ್ದು ನೆಟ್ಟರು. ಎಲ್ಲವೂ ಬದುಕಲಿಲ್ಲ. ಕಳೆಯ ಕಾಟ ಒಂದು ಕಡೆ, ಗಟ್ಟಿಯಾದ ಮಣ್ಣು ಇನ್ನೊಂದು ಕಡೆ.

ಅಕ್ಟೋಬರ್, ನವೆಂಬರಿನಲ್ಲಿ ನಸುನೇರಳೆ ಬೆರೆತ ಬಿಳಿ ಹೂ ಅರಳುತ್ತದೆ. ಕೆಳಗೆ ಎರಡು ಬಾಲಗಳು ಇಳಿಬಿದ್ದಿರುತ್ತವೆ. ಬೇಸಗೆ ಬರುತ್ತಲೇ ಎಲೆ, ಕಾಂಡವೆಲ್ಲ ಒಣಗಿ, ಗಡ್ಡೆಯೊಂದೇ ನೆಲದೊಳಗೆ ನಿದ್ರಿಸುತ್ತದೆ. ಆಗ ಮೇಲೆ ನಿಂತು ನೋಡಿದವರಿಗೆ ಅದು ಬದುಕಿದೆಯೋ ಇಲ್ಲವೋ ತಿಳಿಯದು. ಮಾರ್ಚಿಯ ಅನಂತರದ ಮಳೆಗೆ ಎಲೆ ಚಿಗುರಿದ ಮೇಲೆಯೇ ಲೆಕ್ಕ.