ಬಿ.ಕಾಂ. ಜತೆಗೆ ಆರ್ಟಿಕಲ್‌ಶಿಪ್: ಸೇರುವ ಮೊದಲು ಕ್ಯಾಲೆಂಡರ್ ನೋಡಿ

ಕಾಸರಗೋಡು: ಪ್ಲಸ್ ಟು ಕಾಮರ್ಸ್ ಫಲಿತಾಂಶ ಬಂತೆಂದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಬಿ.ಕಾಂ.ಗೆ ಸೇರಿಸುವುದೋ, ಸಿ.ಎ. ಮಾಡಿಸುವುದೋ, ಎರಡನ್ನೂ ಒಟ್ಟಿಗೆ ಮಾಡಬಹುದೋ? "ಆರ್ಟಿಕಲ್‌ಶಿಪ್‌ಗೆ ಸೇರಿದ್ರೆ ತಿಂಗಳು ತಿಂಗಳು ದುಡ್ಡು ಬರ್ತದಂತೆ, ಕಾಲೇಜಿಗೂ ಹೋಗಬಹುದಂತೆ ಮಾರಾಯ್ರೆ" ಎಂದು ನೆಂಟರಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಹೇಳುವವರು ಹೆಚ್ಚಾಗಿ ಹತ್ತು ಹದಿನೈದು ವರ್ಷ ಹಿಂದೆ ಕಲಿತವರು. ಆದರೆ 2023ರಲ್ಲಿ ಸಿ.ಎ. ಶಿಕ್ಷಣದ ನಿಯಮಗಳೇ ಬದಲಾಗಿವೆ. ಹಳೆಯ ಲೆಕ್ಕ ನಂಬಿ ಹೊರಟವರಿಗೆ ಒಂದೆರಡು ವರ್ಷ ಕೈತಪ್ಪಿ ಹೋದೀತು.

ದುಡ್ಡು ಬರುವುದು ನಿಜ. ಸಿ.ಎ. ಕಲಿಯುವವರು ಅನುಭವಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕಡ್ಡಾಯವಾಗಿ ತರಬೇತಿ ಪಡೆಯಬೇಕು. ಇದೇ ಆರ್ಟಿಕಲ್‌ಶಿಪ್. ಈ ಅವಧಿಯಲ್ಲಿ ಕಚೇರಿಯವರು ಸ್ಟೈಪೆಂಡ್ ಕೊಡಬೇಕೆಂಬುದು ನಿಯಮ. ಹಿಂದೆ ಮೂರು ವರ್ಷವಿದ್ದ ತರಬೇತಿ ಈಗ ಎರಡು ವರ್ಷಕ್ಕೆ ಇಳಿದಿದೆ. ಅಷ್ಟು ಕೇಳಿದರೆ ಖುಷಿಯೇ. ಆದರೆ ಮೊದಲು ಇಂಟರ್‌ಮೀಡಿಯೇಟ್‌ನ ಎರಡು ಗ್ರೂಪ್‌ಗಳಲ್ಲಿ ಒಂದು ಪಾಸಾದರೆ ಕಚೇರಿಗೆ ಸೇರಬಹುದಿತ್ತು. ಈಗ ಎರಡೂ ಗ್ರೂಪ್, ಅಂದರೆ ಆರೂ ಪೇಪರ್ ಮುಗಿದಿರಬೇಕು. ಅಲ್ಲಿಯವರೆಗೆ ಸ್ಟೈಪೆಂಡ್ ಎಂಬ ಮಾತೇ ಇಲ್ಲ.

ಕ್ಯಾಲೆಂಡರ್ ಎದುರಿಗಿಟ್ಟು ಲೆಕ್ಕ ಹಾಕೋಣ. ಮಾರ್ಚ್‌ನಲ್ಲಿ ಪ್ಲಸ್ ಟು ಪರೀಕ್ಷೆ ಬರೆದ ಹುಡುಗಿ ಸೆಪ್ಟೆಂಬರ್‌ನಲ್ಲಿ ಫೌಂಡೇಶನ್ ಬರೆಯುತ್ತಾಳೆ. ನಾಲ್ಕು ಪೇಪರ್, ಪ್ರತಿಯೊಂದರಲ್ಲಿ 40 ಅಂಕ, ಒಟ್ಟಾರೆ ಶೇ. 50 ಬೇಕು. ಪಾಸಾದರೆ ಇಂಟರ್‌ಮೀಡಿಯೇಟ್‌ಗೆ ನೋಂದಣಿ, ಮತ್ತೆ ಕನಿಷ್ಠ ಎಂಟು ತಿಂಗಳ ಓದು. ಮುಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಆರೂ ಪೇಪರ್ ಬರೆದು ಮೊದಲ ಯತ್ನದಲ್ಲೇ ಗೆದ್ದಳೆಂದು ಇಟ್ಟುಕೊಳ್ಳಿ (ಹಾಗೆ ಗೆಲ್ಲುವವರು ಕಡಿಮೆ). ಫಲಿತಾಂಶ ಬಂದು, ಕಂಪ್ಯೂಟರ್ ಮತ್ತು ಮಾತುಗಾರಿಕೆಯ ನಾಲ್ಕು ವಾರದ ತರಬೇತಿ ಮುಗಿದು, ಕಚೇರಿ ಮೆಟ್ಟಿಲು ಹತ್ತುವಾಗ ಡಿಸೆಂಬರ್ ಅಥವಾ ಜನವರಿ. ಆಗ ಅವಳು ಬಿ.ಕಾಂ. ಎರಡನೇ ವರ್ಷದ ನಡುವಿನಲ್ಲಿರುತ್ತಾಳೆ. ಮೂರನೇ ವರ್ಷವಿಡೀ ಕಚೇರಿಯಲ್ಲೇ ಕಳೆಯಬೇಕು. ಒಂದು ಪೇಪರ್ ಕೈಕೊಟ್ಟರೂ ಈ ಲೆಕ್ಕವೆಲ್ಲ ಮುಂದೆ ಹೋಗುತ್ತದೆ.

ಹಾಜರಾತಿಯ ಇಕ್ಕಟ್ಟು

ತರಬೇತಿಯಲ್ಲಿ ವಾರಕ್ಕೆ 35 ಗಂಟೆ ಕೆಲಸ. ಪದವಿ ಓದಬೇಕಾದರೆ ಸಂಸ್ಥೆಯ ಅನುಮತಿ ಬೇಕು. ಅದಕ್ಕೆ ಫಾರ್ಮ್ 112 ಸಲ್ಲಿಸಬೇಕು, ಕಾಲೇಜಿನ ಸಮಯ ಕಚೇರಿಯ ಸಮಯಕ್ಕೆ ಅಡ್ಡ ಬರಬಾರದು. ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜಿನಂಥ ಹಗಲು ಕಾಲೇಜಿನಲ್ಲಿ ಕ್ಲಾಸು ನಡೆಯುವುದು ಕಚೇರಿಯ ಹೊತ್ತಿನಲ್ಲೇ. ಕಾಲೇಜಿನವರಿಗೆ ಹಾಜರಾತಿ ಬೇಕು, ಕಚೇರಿಯವರಿಗೆ ಆಳು ಬೇಕು. ಎರಡೂ ಕಡೆ ಹೆಸರು ಇಟ್ಟುಕೊಂಡು ಒಂದು ಕಡೆ ಮಾತ್ರ ಹೋಗುವವರಿಲ್ಲವೇ ಎಂದು ಕೇಳಿದರೆ, ಇದ್ದಾರೆ. ಇದಕ್ಕೆ 'ಡಮ್ಮಿ' ಎಂಬ ಅಡ್ಡಹೆಸರೂ ಇದೆ. ಸಿಕ್ಕಿಬಿದ್ದರೆ ಮಾಡಿದ ತರಬೇತಿ ಲೆಕ್ಕಕ್ಕೇ ಬರುವುದಿಲ್ಲ. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ, ಬ್ಯಾಲೆನ್ಸ್ ಶೀಟ್ ಎದುರು ಕೂತು ಕೆಲಸ ಮಾಡಲು ಗೊತ್ತಿಲ್ಲದ ಸಿ.ಎ.ಯನ್ನು ಯಾರು ಕರೆಯುತ್ತಾರೆ?

ಉಳಿದದ್ದು ಸಂಜೆ ಕಾಲೇಜು, ಇಲ್ಲವೇ ದೂರಶಿಕ್ಷಣ. ಮಂಗಳೂರಿನಲ್ಲಿ ಸಂಜೆ ಕಾಲೇಜುಗಳಿವೆ. ಅಲ್ಲೇ ಕೋಣೆ ಹಿಡಿದವರಿಗೆ ಅದು ಸರಿ, ಕುಂಬಳೆಯಿಂದ ದಿನಾ ಹೋಗಿ ಬರುವವರಿಗೆ ಮನೆ ಸೇರುವಾಗ ಊಟದ ಹೊತ್ತು ಮೀರಿರುತ್ತದೆ. ಹೆಣ್ಣುಮಕ್ಕಳ ಹೆತ್ತವರು ಇದಕ್ಕೆ ಒಪ್ಪುವುದು ಕಡಿಮೆ. ದೂರಶಿಕ್ಷಣದಲ್ಲಿ ಗಡಿಯ ತೊಡಕು ಬರುತ್ತದೆ. ರಾಜ್ಯದ ಮುಕ್ತ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ಹೊರಗೆ ಅಧ್ಯಯನ ಕೇಂದ್ರ ನಡೆಸುವಂತಿಲ್ಲ, ಹಾಗಾಗಿ ಮೈಸೂರಿನ ಮುಕ್ತ ವಿ.ವಿ. ಇಲ್ಲಿಗೆ ಬರುವುದಿಲ್ಲ. ಕೇಂದ್ರದ ಇಗ್ನೋಗೆ ಆ ಸಮಸ್ಯೆಯಿಲ್ಲ.

ಸಿ.ಎ. ತರಬೇತಿಗೆ ಮಾತ್ರ ಗಡಿ ಅಡ್ಡವಿಲ್ಲ. ಸಂಸ್ಥೆ ಇಡೀ ದೇಶಕ್ಕೆ ಒಂದೇ, 1949ರ ಕಾಯ್ದೆಯಂತೆ ಹುಟ್ಟಿದ್ದು. ಕೇರಳದ ವಿದ್ಯಾರ್ಥಿ ಮಂಗಳೂರಿನ ಕಚೇರಿಯಲ್ಲಿ ಸೇರಲು ಯಾವ ಅಡ್ಡಿಯೂ ಇಲ್ಲ. ಆದರೆ ದಾರಿ ಗಡಿ ದಾಟಿಯೇ ಹೋಗಬೇಕಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನಂಬಿದ ನಮ್ಮವರ ಪಾಡು ಏನಾಯಿತೆಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಸ್ಟೈಪೆಂಡ್ ಎಷ್ಟು?

ಊರಿನ ಜನಸಂಖ್ಯೆ ನೋಡಿ ಕನಿಷ್ಠ ಮೊತ್ತ ನಿಗದಿಯಾಗುತ್ತದೆ. ಕೆಲವು ವರ್ಷಗಳ ಹಿಂದೆ ಪರಿಷ್ಕರಿಸಿದ ದರದಂತೆ ಮೊದಲ ವರ್ಷಕ್ಕೆ ತಿಂಗಳಿಗೆ ಕನಿಷ್ಠ 2,000 ರೂ. ನಾಲ್ಕು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿಗೆ, ಅಂದರೆ ಕಾಸರಗೋಡಿಗೆ. ಮಂಗಳೂರಿನಷ್ಟು ದೊಡ್ಡ ಊರಿಗೆ 3,000, ಬೆಂಗಳೂರಿಗೆ 4,000. ಎರಡನೇ ವರ್ಷಕ್ಕೆ ಸಾವಿರ ಹೆಚ್ಚು. ದೊಡ್ಡ ಸಂಸ್ಥೆಗಳು ಇದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತವೆ, ಸಣ್ಣ ಕಚೇರಿಗಳು ಕನಿಷ್ಠಕ್ಕೆ ನಿಲ್ಲುತ್ತವೆ. ರೈಲಿನ ಸೀಸನ್ ಟಿಕೆಟ್, ಮಧ್ಯಾಹ್ನದ ಊಟ, ಪುಸ್ತಕ ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಗೂ ಕನಿಷ್ಠ ಮೊತ್ತ ಸಾಲದು. ಇದನ್ನು ನಂಬಿ ಮನೆ ಖರ್ಚು ನಡೆಸುವ ಯೋಚನೆ ಬೇಡ.

ಕಲಿಯುವುದಕ್ಕೆ ಮಾತ್ರ ಕೊರತೆಯಿಲ್ಲ. ತಿಂಗಳ 11ಕ್ಕೆ, 20ಕ್ಕೆ ಜಿಎಸ್‌ಟಿ ರಿಟರ್ನ್, ಜುಲೈಯಲ್ಲಿ ಆದಾಯ ತೆರಿಗೆಯ ಗಡಿಬಿಡಿ, ಸೆಪ್ಟೆಂಬರ್‌ನಲ್ಲಿ ಆಡಿಟ್. ಅಡಿಕೆ ವ್ಯಾಪಾರಿಯ ಬಿಲ್ಲಿನ ಕಟ್ಟು ಬಿಡಿಸಿ ಟ್ಯಾಲಿಗೆ ಹಾಕುವಾಗ ಒಣ ಅಡಿಕೆಗೆ ಶೇ. 5 ತೆರಿಗೆ ಎಂಬುದು ಪುಸ್ತಕವಿಲ್ಲದೆಯೇ ತಲೆಗೆ ಹತ್ತುತ್ತದೆ. ನಮ್ಮ ಮಕ್ಕಳಿಗೆ ಇಲ್ಲೊಂದು ಅನುಕೂಲವೂ ಇದೆ. ಅಡಿಕೆ ಮಂಡಿಯವರ ಹತ್ತಿರ ತುಳು, ಕನ್ನಡದಲ್ಲಿ ಮಾತಾಡಿ, ಪಂಚಾಯತಿನ ಕಾಗದ ಮಲಯಾಳದಲ್ಲಿ ಓದಿ, ರಿಟರ್ನ್ ಇಂಗ್ಲಿಷ್‌ನಲ್ಲಿ ತುಂಬುವ ಹುಡುಗರು ಬೇರೆ ಊರಲ್ಲಿ ಸುಲಭಕ್ಕೆ ಸಿಗಲಿಕ್ಕಿಲ್ಲ. ಎರಡೂ ರಾಜ್ಯದ ಬೆಳೆಗಾರರು ಸೇರಿ 1973ರಲ್ಲಿ ಕಟ್ಟಿದ ಕ್ಯಾಂಪ್ಕೋದ ಊರಿನಲ್ಲಿ, ಮಂಗಳೂರಿನಲ್ಲಿ, ಇಂಥವರಿಗೆ ಕೆಲಸದ ಕೊರತೆಯಾಗದು.

ಪರೀಕ್ಷೆಯ ಭಾಷೆ ಬೇರೆಯೇ. ಸಿ.ಎ. ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಟುವಿನಲ್ಲಿ ದಿಢೀರನೆ ಇಂಗ್ಲಿಷ್ ಪುಸ್ತಕ ಹಿಡಿದವರಿಗೆ ಲೆಕ್ಕ ಬರುತ್ತದೆ, ಕಾನೂನಿನ ಪೇಪರ್ ಕೈ ಹಿಡಿಯುವುದಿಲ್ಲ. ಇಂಥ ಮಕ್ಕಳಿಗೆ ನಿಧಾನದ ದಾರಿಯೇ ಒಳ್ಳೆಯದೆಂದು ನಮ್ಮ ಅನಿಸಿಕೆ. ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ. ಸರಿಯಾಗಿ ಮುಗಿಸಿ ಶೇ. 55 ಅಂಕ ಪಡೆದರೆ ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೇಟ್‌ಗೆ ಸೇರಬಹುದು. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಬಂದಿದ್ದರೂ ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲು ಅವಕಾಶವಿದೆ. ತಡವಾದರೂ ಇಂಗ್ಲಿಷ್ ಹಿಡಿತಕ್ಕೆ ಬಂದಿರುತ್ತದೆ, ಸಿ.ಎ. ನಡುವೆ ನಿಂತರೂ ಕೈಯಲ್ಲೊಂದು ಪದವಿ ಇರುತ್ತದೆ. ಸಹಕಾರಿ ಬ್ಯಾಂಕಿನ ಕೆಲಸಕ್ಕೆ ಅರ್ಜಿ ಹಾಕುವ ಯೋಚನೆಯಿದ್ದರೆ ಬಿ.ಕಾಂ.ನಲ್ಲಿ ಸಹಕಾರ ವಿಷಯ ಆರಿಸಿಕೊಳ್ಳುವುದು ಲಾಭ.

ಇಂಗ್ಲಿಷ್ ಗಟ್ಟಿಯಿದ್ದು, ಹಟವೂ ಇರುವ ಮಗುವಾದರೆ ಫೌಂಡೇಶನ್ ದಾರಿ ಹಿಡಿಯಲಿ, ಪದವಿಗೆ ಮೊದಲ ದಿನದಿಂದಲೇ ದೂರಶಿಕ್ಷಣಕ್ಕೆ ಸೇರಲಿ. ಹಗಲು ಕಾಲೇಜಿಗೆ ಸೇರಿ ಎರಡನೇ ವರ್ಷದಲ್ಲಿ ಬಿಟ್ಟು ಬರುವುದು ಎರಡೂ ಕಡೆ ನಷ್ಟ. ಇಂಟರ್ ಮತ್ತು ತರಬೇತಿ ಮುಗಿಸಿಯೂ ಫೈನಲ್ ದಾಟಲಾಗದವರಿಗೆ ಹೊಸ ಪದ್ಧತಿಯಲ್ಲಿ 'ಬಿಸಿನೆಸ್ ಅಕೌಂಟಿಂಗ್ ಅಸೋಸಿಯೇಟ್' ಎಂಬ ಅರ್ಹತಾಪತ್ರಕ್ಕೂ ಅವಕಾಶವಿದೆ.

ಆರ್ಟಿಕಲ್‌ಶಿಪ್‌ಗೆ ಸೇರಿದ ಮೇಲೆ ಕಚೇರಿ ಬದಲಿಸುವುದು ಸುಲಭವಲ್ಲ. ಸಹಿ ಹಾಕುವ ಮೊದಲೇ ಅಲ್ಲಿ ಈಗಿರುವ ಹುಡುಗರನ್ನು ಕೇಳಿ ನೋಡಿ: ಆಡಿಟ್‌ಗೆ ಕರೆದೊಯ್ಯುತ್ತಾರಾ, ಬರೀ ಬಿಲ್ ಎಂಟ್ರಿ ಮಾಡಿಸ್ತಾರಾ? ಪದವಿ ಪರೀಕ್ಷೆಗೆ ರಜೆ ಕೊಡ್ತಾರಾ? ಸ್ಟೈಪೆಂಡ್ ತಿಂಗಳಿಗೆ ಸರಿಯಾಗಿ ಬ್ಯಾಂಕಿಗೆ ಬೀಳ್ತದಾ?

ಫೌಂಡೇಶನ್ ಪರೀಕ್ಷೆ ಈಗ ವರ್ಷಕ್ಕೆ ಮೂರು ಬಾರಿ ನಡೆಯುತ್ತದೆ. ಪರೀಕ್ಷೆಗೆ ನಾಲ್ಕು ತಿಂಗಳ ಮೊದಲೇ ನೋಂದಣಿ ಆಗಿರಬೇಕು. ಸೆಪ್ಟೆಂಬರ್‌ನಲ್ಲಿ ಬರೆಯುವವರಿಗೆ ಮೇ 1 ಕೊನೆಯ ದಿನ. ಪ್ಲಸ್ ಟು ಫಲಿತಾಂಶ ಬರುವವರೆಗೆ ಕಾದರೆ ಆ ದಿನ ದಾಟಿರುತ್ತದೆ. ಹತ್ತನೇ ತರಗತಿ ಪಾಸಾದವರು ತಾತ್ಕಾಲಿಕ ನೋಂದಣಿ ಮಾಡಿಸಿಕೊಳ್ಳಬಹುದು.