ಎಲೆಯ ಚೆಲುವಿನ ಗೆಣಸಿನ ಬಳ್ಳಿ
ಹೊಲದ ಸಿಹಿಗೆಣಸು ಹಾಗೂ ಎಲೆಯ ಅಂದಕ್ಕಾಗಿಯೇ ಕುಂಡಗಳಲ್ಲಿ ಬೆಳೆಸುವ ಗೆಣಸಿನ ಬಳ್ಳಿ ಎರಡೂ ‘ಐಪೋಮಿಯ ಬಟಾಟಾಸ್’ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ‘ಬ್ಲ್ಯಾಕಿ’ಯಂತಹ ತಳಿಗಳ ಕಡುನೇರಳೆ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್, ಅಂದರೆ ಎಲೆಯ ಜೀವಕೋಶಗಳಲ್ಲಿರುವ ಕೆಂಪು-ನೇರಳೆ ವರ್ಣದ್ರವ್ಯ, ಒಳ್ಳೆಯ ಬಿಸಿಲಿನಲ್ಲಿ ಹೆಚ್ಚಾಗಿ ಉತ್ಪತ್ತಿಯಾಗುವುದರಿಂದ, ನೆರಳಿನಲ್ಲಿಟ್ಟ ಬಳ್ಳಿಯ ಎಲೆಗಳು ಕ್ರಮೇಣ ಹಸಿರಿಗೆ ತಿರುಗಿ ತಮ್ಮ ಮುಖ್ಯ ಸೊಬಗನ್ನೇ ಕಳೆದುಕೊಳ್ಳುತ್ತವೆ. ಕುಂಡದ ತಳದಲ್ಲಿ ನೀರು ಬಸಿಯುವ ತೂತು ಇರಲೇಬೇಕು. ನೀರಿಲ್ಲದೆ ಬಾಡಿದ ಬಳ್ಳಿ ನೀರುಣಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ನಿಂತ ನೀರಿನಲ್ಲಿ ಕೊಳೆತ ಬೇರಿಗೆ ಮದ್ದಿಲ್ಲ. ಕುಡಿ ಚಿವುಟಿದಷ್ಟೂ ಬಳ್ಳಿ ಕವಲೊಡೆದು ದಟ್ಟವಾಗುತ್ತದೆ. ಚಿವುಟಿದ ತುಂಡನ್ನೂ ಎಸೆಯಬೇಕಾಗಿಲ್ಲ, ಎಲೆ ಹುಟ್ಟುವ ಗಂಟಾದ ಗೆಣ್ಣು ಮುಳುಗುವಂತೆ ಅದನ್ನು ನೀರಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಬೇರೊಡೆದು ಹೊಸ ಗಿಡವಾಗುತ್ತದೆ. ಹಿಮ ಸುರಿಯುವ ನಾಡುಗಳಲ್ಲಿ ಚಳಿಗಾಲಕ್ಕೆ ಮುನ್ನ ಗಡ್ಡೆಗಳನ್ನು ಅಗೆದು ಒಳಗೆ ಕಾಪಿಡುವ ರೂಢಿಯಿದೆ.